ನಮ್ಮ ಭಾವನ ಶಾಸನಸಭೆ

ಸಿಲಿಕಾನ್ ವ್ಯಾಲಿಯಲ್ಲಿ ಸಿಕ್ಕಸಿಕ್ಕವರೆಲ್ಲ ಡಾಟ್‌ಕಾಮ್ ಕಂಪನಿ ತೆರೆಯುತ್ತಿದ್ದ ಕಾಲದಲ್ಲಿ ನಮ್ಮ ಭಾವ ತೆರೆದದ್ದು ಶಾಸನಸಭೆ! ಅದೂ ಎವರ್‌ಗ್ರೀನ್ ಬಡಾವಣೆಯ ಮನೆಯ ಊಟದ ಮೇಜಿನ ಸುತ್ತ. ಅಕ್ಕನ ಮನೆಯಲ್ಲಿ ಠಿಕಾಣಿ ಹೂಡಿದ್ದ ತಪ್ಪಿಗೆ ನಾನೂ ಶಾಸಕನಾದೆ.

ಆದದ್ದಿಷ್ಟೇ. ಫೋನ್ ಲೈನನ್ನು ಕಿರುಗುಟ್ಟಿಸಿಕೊಂಡು ಬರುತ್ತಿದ್ದ ಆಗಿನ ಇಂಟರ್‌ನೆಟ್ಟಿನಲ್ಲಿ ಭಾವನಿಗೆ ಯಾಪ್ ಎಂಬ ನಾಡು ಸಿಕ್ಕಿತು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಜ್ಯ, ಮೈಕ್ರೊನೇಷಿಯಾ ಒಕ್ಕೂಟದ ನಾಲ್ಕು ರಾಜ್ಯಗಳಲ್ಲೊಂದು.

"ಹತ್ತೇ ಜನರ ಸಭೆ ಕಣಯ್ಯ! ಹಡಗಲ್ಲಿ ಬರಬೇಕಾದ ದೂರದ ದ್ವೀಪದವರಿಗೂ ಸೀಟು ಇಟ್ಟಿದಾರೆ. ಮಸೂದೆ ಸಂಪ್ರದಾಯಕ್ಕೆ ಅಡ್ಡ ಬಂದ್ರೆ ಹಿರಿಯರ ಮಂಡಳಿ ವಾಪಸ್ ಕಳಿಸಬಹುದು. ಎಂಥಾ ಸಿಸ್ಟಮ್ಮು!"

ನಮ್ಮಲ್ಲಿ ಹಿರಿಯರ ಮಂಡಳಿ ಎಂದರೆ ಮಂಡ್ಯದಿಂದ ಬಂದಿದ್ದ ಭಾವನ ಅಮ್ಮ. ಗವರ್ನರ್ ಭಾವ. ಒಕ್ಕೂಟ ಸರ್ಕಾರ? ಇನ್ಯಾರು, ಅಕ್ಕ! ಹಣಕಾಸು, ರಕ್ಷಣೆ, ನೆಂಟರಿಷ್ಟರೆಂಬ ವಿದೇಶಾಂಗ ಎಲ್ಲ ಅವಳದು.

"ಮತ್ತೆ ನಿಮ್ಮ ಕೈಯಲ್ಲೇನಿದೆ ಭಾವ?"

"ಪಾತ್ರೆ, ಕಸ, ಟೀವಿ ರಿಮೋಟು. ಪೂರ್ತಿ ಸ್ವಾಯತ್ತತೆ!"

ಯುಗಾದಿಗೆ ಪಿಜ್ಜಾ ತರಿಸುವ ನನ್ನ ಮಸೂದೆ ಸರ್ವಾನುಮತದಿಂದ ಪಾಸಾಯಿತು. ಹಿರಿಯರ ಮಂಡಳಿಯ ಅಜ್ಜಿ ಒಂದೇ ಮಾತಿಗೆ ಬಿಸಾಕಿದರು: "ಹಬ್ಬದ ದಿನ ಅದೆಂತದ್ದೋ ಸೀದ ರೊಟ್ಟಿ ತಿಂತೀರಾ? ಒಬ್ಬಟ್ಟು ತಟ್ರಿ!" ಮಾನ್ಯ ಶಾಸಕನಾದ ನಾನು ಹೂರಣ ರುಬ್ಬಿದೆ.

ಇಷ್ಟರಲ್ಲಿ ಭಾವನ ಒಬ್ಬಳೇ ಮಗಳು ಒಂದು ಮಸೂದೆ ತಂದಳು. ಕನ್ನಡವೆಲ್ಲ ಅರ್ಥವಾದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಡುವ ಹುಡುಗಿ. "ಅಪ್ಪಾ, ಐ ಗಾಟ್ ಇನ್‌ಟು ಬರ್ಕ್ಲಿ!" ಆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲೇ ಇರುತ್ತಾಳಂತೆ! ಭಾವನ ಮುಖ ಸಪ್ಪಗಾಯಿತು. ಮಗಳಿಲ್ಲದ ಮನೆಯನ್ನು ಅವರು ಊಹಿಸಿಕೊಂಡೇ ಇರಲಿಲ್ಲ. ನಾವೆಲ್ಲ ಪರವಾಗಿ ಕೈ ಎತ್ತಿಬಿಟ್ಟೆವು. ಗವರ್ನರ್ ತಾವೇ ತಿರಸ್ಕರಿಸಬಹುದಿತ್ತು. ಮಗಳೆದುರು ಅಷ್ಟು ಧೈರ್ಯವೆಲ್ಲಿ? ಆಸೆಯಿಂದ ಅಮ್ಮನತ್ತ ತಿರುಗಿದರು.

"ಅಮ್ಮಾ, ಇದು ಸಂಪ್ರದಾಯಕ್ಕೆ ಅಡ್ಡ ಬರತ್ತಲ್ವಾ?"

"ಓದಾಕೆ ಹೋಗೋದು ಯಾಕ್ಲಾ ಅಡ್ಡ ಬತ್ತದೆ? ಭಾನ್ವಾರ ಮನೇಲಿ ಮುದ್ದೆ ಉಣ್ಣಾಕೆ ಬರ್ದೆ ಇದ್ರೆ ಅಡ್ಡ ಬತ್ತದೆ. ಅದ್ನೂ ಸೇರಿಸ್ಕಳ್ಳಿ."

ತಿದ್ದುಪಡಿ ಸೇರಿಸಿದೆವು. ಭಾವ ಮೂಗೊರೆಸಿಕೊಂಡು ಒಪ್ಪಿಗೆ ಕೊಟ್ಟರು.

ಅವಳು ಹೋದ ಮೇಲಿನ ಮೊದಲ ಭಾನುವಾರ. ಮುದ್ದೆ ಆರುತ್ತಿತ್ತು, ಅವಳ ಸುಳಿವಿಲ್ಲ. ಹಸಿವು ತಾಳಲಾರದೆ ನಾನು ಅವಳ ಖಾಲಿ ಕುರ್ಚಿ ಎಳೆದು ಕೂತೆ.

"ಏಳಯ್ಯ ಮೇಲೆ! ಅದು ದೂರದ ದ್ವೀಪದ ಸೀಟು!"

ಭಾವನ ದನಿ ನಡುಗುತ್ತಿತ್ತು. ನಾನು ಎದ್ದು ಕುರ್ಚಿಯನ್ನು ಮೊದಲಿನಂತೆಯೇ ಇಟ್ಟೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಫ್ರೀವೇ ಟ್ರಾಫಿಕ್ಕಿನಲ್ಲಿ ಬೆಂದು ಬಂದವಳು ಆ ಕುರ್ಚಿಯಲ್ಲಿ ಕೂತಳು. ಅಪ್ಪನ ಮುಖ ನೋಡಿ, ತಡವರಿಸುತ್ತ, ಕನ್ನಡದಲ್ಲೇ ಹೇಳಿದಳು: "ಅಪ್ಪಾ, ಹಡಗು ಲೇಟಾಯ್ತು. ಸಭೆ ಶುರು ಮಾಡಿ."

ಭಾವ ಎದ್ದು, ಅವಳ ತಟ್ಟೆಗೆ ತಾವೇ ಮುದ್ದೆ ಬಡಿಸಿದರು.