ಓಟಿಪಿ ಕೊಡದ ಹೆಂಡತಿ

ಒಂದೇ ಒಂದು ದಿನ ಸಾಕು! ಬೆಳಿಗ್ಗೆ ಷೇರು ಕೊಳ್ಳುವುದು, ಮಾರುಕಟ್ಟೆ ಮುಚ್ಚುವುದರೊಳಗೆ ಮಾರುವುದು, ಸಂಜೆ ಕಾಫಿ ಕುಡಿಯುತ್ತಾ ಲಾಭ ಎಣಿಸುವುದು. ಇಷ್ಟು ಸುಲಭದ ಕಸುಬು ಇರುವಾಗ ಜನ ಯಾಕೆ ದಿನಾ ಆಫೀಸಿಗೆ ಹೋಗಿ ಸಾಯುತ್ತಾರೋ ಎಂದು ಮರುಗುತ್ತಾ ನಾನು ರಜೆ ಬರೆದೆ.

ಬಂಡವಾಳ, ವಾಷಿಂಗ್ ಮೆಷಿನ್‌ಗೆಂದು ಹೆಂಡತಿ ಕೂಡಿಟ್ಟಿದ್ದ ನಲವತ್ತು ಸಾವಿರ. ಖಾತೆಯೂ ಅವಳದೇ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಅವಳು ಒಂದೇ ಷರತ್ತಿನ ಮೇಲೆ ಒಪ್ಪಿದ್ದಳು: "ದುಡ್ಡು ಹೋದ್ರೆ ಜೀವನಪೂರ್ತಿ ಬಟ್ಟೆ ಒಗೆಯೋದು ನೀವು."

ಮಗಳ ಸ್ಕೇಲನ್ನು ಫೋನಿನ ಪರದೆಗೆ ಒತ್ತಿ ಹಿಡಿದು, ಏರುವ ಗೆರೆ, ಇಳಿಯುವ ಗೆರೆಗಳನ್ನು ನಾಲ್ಕು ದಿನ ಅಳೆದು ಒಂದು ಪಂಪ್‌ಸೆಟ್ ಕಂಪನಿಯನ್ನು ಆರಿಸಿದ್ದೆ. ಕೊಂಡೆ. ಏರಿತು! ಮಧ್ಯಾಹ್ನ ಎರಡಕ್ಕೆ ಎರಡು ಸಾವಿರದ ನಾನೂರು ಲಾಭ. ಮಾರಬಹುದಿತ್ತು. ಆದರೆ ನನ್ನ ಸ್ಕೇಲಿನ ಪ್ರಕಾರ ಶಿಖರ ಇನ್ನೂ ಅರ್ಧ ಸೆಂಟಿಮೀಟರ್ ಮೇಲಿತ್ತು. ಕಾದೆ.

ಆಗ ಆ್ಯಪ್ ನನ್ನನ್ನು ಹೊರಗೆ ದಬ್ಬಿತು. ಮತ್ತೆ ಒಳಗೆ ಹೋಗಲು ಓಟಿಪಿ ಬೇಕಂತೆ. ಅದು ಬರುವುದು ಅವಳ ಫೋನಿಗೆ. ಇತ್ತ ಟಿವಿಯಲ್ಲಿ ನನ್ನ ಪಂಪ್‌ಸೆಟ್ಟು ಇಳಿಯತೊಡಗಿತು. ಬ್ಯಾಂಕಿಗೆ ಫೋನ್ ಮಾಡಿದೆ.

"ಓಟಿಪಿ ಬಂದಿರತ್ತೆ, ಬೇಗ ಹೇಳೇ!"

"ಓಟಿಪಿ ಯಾರಿಗೂ ಹೇಳ್ಬಾರ್ದು ರೀ. ದಿನಾ ಗ್ರಾಹಕರಿಗೆ ನಾನೇ ಬಡ್ಕೋತೀನಿ."

"ನಾನು ನಿನ್ನ ಗಂಡ ಕಣೇ!"

"ಮೋಸ ಮಾಡೋರೂ ಏನೇನೋ ಹೇಳ್ತಾರೆ. ಗಂಡ ಆದ್ರೆ ನಮ್ಮ ಮದುವೆ ತಾರೀಖು ಹೇಳಿ, ನೋಡೋಣ."

ಪಂಪ್‌ಸೆಟ್ಟಿನ ಐದು ವರ್ಷದ ಏರಿಳಿತ ನನಗೆ ಬಾಯಿಪಾಠ. ಮದುವೆಯ ದಿನ ವಿಪರೀತ ಸೆಕೆಯಿತ್ತು ಎಂಬುದಷ್ಟೇ ನೆನಪು.

"ಹನ್ನೆರಡು?"

"ಅಲ್ಲ."

"ಇಪ್ಪತ್ತೊಂದು!"

"ಯಾವ ತಿಂಗಳು?"

"ಸೆಕೆಗಾಲದ್ದೇ ಯಾವುದೋ..."

"ಕೌಂಟರಲ್ಲಿ ಜನ ಕಾಯ್ತಿದಾರೆ," ಎಂದು ಇಟ್ಟೇಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಬೀರುವಿನಲ್ಲಿದ್ದ ಸೀರೆಗಳನ್ನೆಲ್ಲ ನೆಲಕ್ಕೆ ಸುರಿದು ಮದುವೆ ಆಲ್ಬಮ್ ಹುಡುಕಿದೆ. ಅದು ಸಿಕ್ಕುವ ಹೊತ್ತಿಗೆ ಮಾರುಕಟ್ಟೆ ಮುಚ್ಚಿತ್ತು. ಷೇರು ನಾನು ಕೊಂಡ ಬೆಲೆಗಿಂತ ಎಷ್ಟೋ ಕೆಳಗೆ ಅಂಗಾತ ಮಲಗಿತ್ತು.

ಸಂಜೆ ಅವಳು ಬರುವಷ್ಟರಲ್ಲಿ ಎರಡು ಬಕೆಟ್ ಬಟ್ಟೆ ನೆನೆಹಾಕಿ ತಯಾರಾಗಿ ನಿಂತಿದ್ದೆ.

"ಮುಳುಗಿಹೋಯ್ತು ಕಣೇ!"

"ಏನೂ ಮುಳುಗಿಲ್ಲ. ಊಟದ ಬಿಡುವಲ್ಲಿ ನನ್ನ ಫೋನಲ್ಲೇ ಆ್ಯಪ್ ತೆಗೆದೆ, ಒಳ್ಳೇ ಲಾಭ ತೋರಿಸ್ತು, ಮಾರಿಬಿಟ್ಟೆ. ಒಂದು ಖಾತೆ ಒಂದೇ ಫೋನಲ್ಲಿ ನಡೆಯೋದು. ಅದಕ್ಕೇ ನಿಮ್ಮನ್ನ ಹೊರಗೆ ಹಾಕಿದ್ದು."

ಹೋದ ಜೀವ ಬಂದಂತಾಯಿತು. "ಮತ್ತೆ ಆ ತಾರೀಖು ಗೀರೀಖು ಎಲ್ಲ ಯಾಕೆ ಕೇಳ್ದೆ?"

"ಲಾಭದಲ್ಲಿ ಅರ್ಧ ಗಂಡನಿಗೆ ಕೊಡೋಣ ಅಂತಿದ್ದೆ," ಎಂದಳು ಚಪ್ಪಲಿ ಬಿಡುತ್ತಾ. "ಫೋನ್ ಮಾಡಿದೋರು ಅವರೇ ಅಂತ ಖಾತ್ರಿ ಆಗ್ಲಿಲ್ಲ."