ಹದಿನಾರು ಗುಳಿಯ ಕಾವಲಿ

ಆ ಫಾರಂ ತುಂಬುವಾಗ ಗೇಜಪ್ಪ ಕೈ ಬಿಗಿಹಿಡಿದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಬೇರಿಂಗ್ ಕಾರ್ಖಾನೆಯಲ್ಲಿ ಉಕ್ಕಿನ ಗುಂಡುಗಳು ಸರಿಯಾಗಿ ದುಂಡಗಿವೆಯೇ ಎಂದು ಗೇಜು ಹಿಡಿದು ಅಳೆಯುವುದು ಅವನ ಕೆಲಸ, ಅದಕ್ಕೇ ಈ ಹೆಸರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಜಪಾನಿನ ಕಂಪನಿಯಿಂದ ಮೂರು ತಿಂಗಳ ತರಬೇತಿ ಎಂಬ ಸುದ್ದಿ ಕ್ಯಾಂಟೀನಿನಲ್ಲಿ ಹಬ್ಬಿತ್ತು. ಮ್ಯಾನೇಜರು ಹಂಚಿದ ಫಾರಂನಲ್ಲಿ ‘ಜಪಾನೀ ತಿಂಡಿ ಮಾಡಲು ಬರುತ್ತದೆಯೇ?’ ಎಂಬ ಪ್ರಶ್ನೆಯಿತ್ತು. ಅಲ್ಲಿಗೆ ಹೋದವರು ಉಪವಾಸ ಬೀಳಬಾರದೆಂದು ಕೇಳಿದ್ದಾರೆ ಎಂದುಕೊಂಡ ಗೇಜಪ್ಪ, ‘ತಾಕೊಯಾಕಿ ಚೆನ್ನಾಗಿ ಮಾಡುತ್ತೇನೆ’ ಎಂದು ಬರೆದೇಬಿಟ್ಟ. ಅದನ್ನು ಅವನು ನೋಡಿದ್ದು ಮೊಬೈಲಿನಲ್ಲಿ ಮಾತ್ರ. ಬೀದಿಬದಿಯಲ್ಲಿ ಒಬ್ಬ ಕಾವಲಿಯ ಗುಳಿಗಳಿಗೆ ಹಿಟ್ಟು ಹೊಯ್ದು, ಕಡ್ಡಿಯಿಂದ ತಿರುವಿ ತಿರುವಿ ಚೆಂಡು ಮಾಡುತ್ತಿದ್ದ.

ಜಪಾನಿನ ಮೇಲೆ ಅವನಿಗೇನೂ ವ್ಯಾಮೋಹವಿರಲಿಲ್ಲ. ಭಾವಮೈದುನನಿಂದ ಮೂರು ತಿಂಗಳು ಬಿಡುಗಡೆ ಸಿಕ್ಕರೆ ಸಾಕಿತ್ತು. ಎರಡು ದಿನಕ್ಕೆಂದು ಬಂದ ಪುಣ್ಯಾತ್ಮ ಎಂಟು ತಿಂಗಳಿಂದ ನಡುಮನೆಯ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ಹೊತ್ತು ಹೋಗಲೆಂದು ಸ್ವೆಟರ್ ಹೆಣೆಯುತ್ತಿದ್ದ. ಅದಕ್ಕಿನ್ನೂ ತೋಳು ಬಂದಿರಲಿಲ್ಲ. ಟಿವಿಯ ರಿಮೋಟು ಮಾತ್ರ ಸದಾ ಅವನ ತೊಡೆಯ ಕೆಳಗಿರುತ್ತಿತ್ತು.

ಶನಿವಾರ ಮ್ಯಾನೇಜರು ಗೇಜಪ್ಪನ ಬೆನ್ನು ತಟ್ಟಿ, “ನಾಳೆ ನಾಲ್ಕು ಗಂಟೆಗೆ ನಿಮ್ಮನೆಗೆ ಬರ್ತೀನಿ. ನಿಮ್ಮ ಕೈರುಚಿ ನೋಡ್ಬೇಕು” ಅಂದರು. ಗೇಜಪ್ಪ ನೇರ ಲೇತ್ ಮೆಷೀನಿನ ಗೆಳೆಯನ ಬಳಿ ಓಡಿ, ಒಂದು ಕಾವಲಿ ಮಾಡಿಕೊಡೆಂದು ಗೋಗರೆದ.

ಭಾನುವಾರ ಬೆಳಿಗ್ಗೆ ಇನ್ನೊಂದು ಆಶ್ಚರ್ಯ. ಭಾವಮೈದುನ ಬ್ಯಾಗು ಕಟ್ಟಿಕೊಂಡು ಕೂತಿದ್ದ. “ಭಾವ, ಸಂಜೆ ಐದೂವರೆ ಬಸ್ಸಿಗೆ ಟಿಕೆಟ್ ತಗೊಂಡಿದೀನಿ. ಊರಿಗೆ ಹೋಗಿ ಅಮ್ಮನ ಜೊತೆ ಇರ್ತೀನಿ.” ಗೇಜಪ್ಪ ತನ್ನ ಕೈಯನ್ನು ತಾನೇ ಚಿವುಟಿ ನೋಡಿಕೊಂಡ. ಅತ್ತ ಜಪಾನು, ಇತ್ತ ಖಾಲಿ ಸೋಫಾ.

ಮಧ್ಯಾಹ್ನ ಲೇತ್ ಗೆಳೆಯ ಕಾವಲಿ ತಂದ. ಗುಜರಿ ಕಬ್ಬಿಣದಲ್ಲಿ ತಾನೇ ಹದಿನಾರು ಗುಳಿ ಕೊರೆದಿದ್ದ. ಅದು ಮೆಷೀನ್ ಎಣ್ಣೆಯ ವಾಸನೆ ಹೊಡೆಯುತ್ತಿತ್ತು, ಹೆಂಡತಿ ಮೂರು ಸಲ ತಿಕ್ಕಿ ತೊಳೆದಳು. ಚೆಂಡಿನೊಳಗೆ ಆಕ್ಟೋಪಸ್ ತುಂಡು ಹಾಕಬೇಕೆಂದಾಗ, “ಎಂಟು ಕಾಲಿಂದು ನನ್ನ ಅಡುಗೆಮನೆಗೆ ಬರಕೂಡದು” ಎಂದು ಖಡಾಖಂಡಿತವಾಗಿ ಹೇಳಿದಳು. ಅಣಬೆಯೇ ಗತಿಯಾಯಿತು.

ಮೊದಲ ಸುತ್ತಿನಲ್ಲಿ ಗೇಜಪ್ಪ ಚಮಚದಿಂದ ಒಂದನ್ನು ಎಬ್ಬಿಸಿ, ಅಭ್ಯಾಸಬಲದಿಂದ ಜೇಬಿನ ವರ್ನಿಯರ್ ತೆಗೆದು ಅಳೆದ. “ಹಿಂಗೆ ನಲವತ್ತು, ಹಂಗೆ ಮೂವತ್ತೆಂಟೂವರೆ. ರಿಜೆಕ್ಟು.”

“ನನ್ನ ಗುಳೀಲಿ ತಪ್ಪಿಲ್ಲ. ನಿನ್ನ ಹಿಟ್ಟು ತೆಳು” ಎಂದು ಲೇತ್ ಗೆಳೆಯ ಜಗಳಕ್ಕೆ ನಿಂತ. ಇವರ ವಾದ ಮುಗಿಯುವಷ್ಟರಲ್ಲಿ ಉಳಿದ ಹದಿನೈದೂ ಕರಕಲಾಗಿದ್ದವು.

ಎರಡನೇ ಸುತ್ತಿನಲ್ಲಿ ಒಂದನ್ನೂ ಅಳೆಯಲಿಲ್ಲ, ಆದರೆ ಒಂದೂ ಮೇಲೇಳಲಿಲ್ಲ. ಚಮಚ ಸೊಟ್ಟಗಾಯಿತು. ಗಂಟೆ ಮೂರೂವರೆ, ಪಾತ್ರೆಯಲ್ಲಿ ಇನ್ನೊಂದೇ ಸುತ್ತಿನ ಹಿಟ್ಟು. ಗೇಜಪ್ಪ ಅಳುವುದೊಂದು ಬಾಕಿ.

ಸೀದ ವಾಸನೆಗೆ ಭಾವಮೈದುನ ಒಳಗೆ ಬಂದ. ಸ್ವೆಟರಿನಿಂದ ಹೆಣೆಯುವ ಕಡ್ಡಿ ಎಳೆದು ತೊಳೆದ. “ಸರೀರಿ ಭಾವ” ಅಂದವನೇ ಕೊನೆಯ ಹಿಟ್ಟು ಹೊಯ್ದು, ಅಂಚು ಬಿಡಿಸಿ, ಒಂದೊಂದನ್ನೂ ಟಕಟಕ ತಿರುವಿದ. ಹದಿನಾರು ಚೆಂಡುಗಳು ಹೊಂಬಣ್ಣಕ್ಕೆ ತಿರುಗಿ ಗುಳಿಗಳಲ್ಲಿ ಉರುಳಾಡಿದವು. ಗೇಜಪ್ಪನಿಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬೀಳಲಿಲ್ಲ, ಏಪ್ರನ್ ಮಾತ್ರ ತಾನು ಕಟ್ಟಿಕೊಂಡ.

ಮ್ಯಾನೇಜರು ಹನ್ನೊಂದು ತಿಂದು ಬೆರಳು ನೆಕ್ಕಿದರು. ಎದ್ದು ಮನೆಯನ್ನೆಲ್ಲ ನೋಡಿದರು. ಇದ್ದದ್ದು ಒಂದೇ ಮಲಗುವ ಕೋಣೆ, ಅದರ ಕಿಟಕಿ ತೆರೆದು ಮುಚ್ಚಿ ಪರೀಕ್ಷಿಸಿದರು. “ನನ್ನ ತಲೆನೋವು ಹೋಯ್ತು ಕಣ್ರೀ” ಅಂದರು.

“ನಾನು ಯಾವಾಗ ಹೊರಡ್ಬೇಕು ಸಾರ್?”

“ಎಲ್ಲಿಗೆ?”

“ಜಪಾನಿಗೆ.”

“ನೀವ್ಯಾಕೆ ಹೋಗ್ತೀರಾ? ತರಬೇತಿ ಕೊಡೋ ಯಜಮಾನ್ರೇ ನಾಡಿದ್ದು ಇಲ್ಲಿಗೆ ಬರ್ತಿದಾರೆ. ಹೋಟೆಲ್ ಊಟ ಆಗಲ್ವಂತೆ, ದಿನಾ ಸಂಜೆ ಇದೇ ಬೇಕಂತೆ. ಅದಕ್ಕೇ ಫಾರಂ ಹಂಚಿದ್ದು. ಮೂರು ತಿಂಗಳು ಈ ಕೋಣೇಲಿ ಇರ್ತಾರೆ. ಇದೇ ರುಚಿ ಇರ್ಲಿ ಆಯ್ತಾ, ಇಲ್ದಿದ್ರೆ ನನ್ನ ಮರ್ಯಾದೆ ಹೋಗುತ್ತೆ, ನಿಮ್ಮ ಕೆಲ್ಸಾನೂ ಹೋಗುತ್ತೆ.”

ಮ್ಯಾನೇಜರು ಮೆಟ್ಟಿಲಿಳಿದರು. ಹಿಂದೆಯೇ ಭಾವಮೈದುನ ಬ್ಯಾಗು ಹೆಗಲಿಗೇರಿಸಿ, “ಬರ್ತೀನಿ ಭಾವ” ಅಂದ.

ಗೇಜಪ್ಪ ಹಾರಿ ಬ್ಯಾಗು ಹಿಡಿದ. “ಎಲ್ಲಿಗೆ ಹೋಗ್ತೀಯೋ? ಇದು ನಿನ್ನ ಮನೆ ಅಲ್ವೇನೋ? ನನ್ನಪ್ಪ, ಮೂರು ತಿಂಗಳು ಇರೋ.”

ಭಾವಮೈದುನ ಬ್ಯಾಗು ಕೆಳಗಿಟ್ಟ. “ಅಷ್ಟು ಬಲವಂತ ಮಾಡಿದ್ರೆ ಏನ್ ಮಾಡೋದು” ಎಂದು ಸೋಫಾದಲ್ಲಿ ಕೂತು ರಿಮೋಟನ್ನು ತೊಡೆಯ ಕೆಳಗಿಟ್ಟುಕೊಂಡ. ಗೇಜಪ್ಪನಿಗೆ ಹೋದ ಉಸಿರು ಬಂದಂತಾಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಆ ಮುಖ ನೋಡಿ ನಿಜಕ್ಕೂ ಖುಷಿಪಟ್ಟ.

ಅಷ್ಟರಲ್ಲಿ ಹೆಂಡತಿ ಸೀರೆ ಬದಲಿಸಿ, ಸೂಟ್‌ಕೇಸ್ ಹಿಡಿದು ಹೊರಬಂದಳು.

“ನೀನೆಲ್ಲಿಗೆ?”

“ಅಮ್ಮನ ಮನೆಗೆ. ಕೋಣೆ ಅವ್ರಿಗೆ, ಸೋಫಾ ಇವ್ನಿಗೆ. ನಾನೆಲ್ಲಿ ಮಲಗ್ಲಿ? ಹೆಂಗೂ ತಮ್ಮನ ಟಿಕೆಟ್ ಇದೆಯಲ್ಲ, ಯಾಕೆ ದಂಡ ಮಾಡೋದು. ಮೂರು ತಿಂಗಳು ಬಿಟ್ಟು ಬರ್ತೀನಿ.”

ಅವಳನ್ನು ಬಸ್ಸು ಹತ್ತಿಸಿ ಬಂದ ಗೇಜಪ್ಪ ಟೇಪು ಹಿಡಿದು ಸೋಫಾಕ್ಕೂ ಟಿವಿಗೂ ನಡುವಿನ ನೆಲವನ್ನು ಅಳೆದ. ತಾನು ಮಲಗಲು ಬೇಕಾದ ಉದ್ದಕ್ಕಿಂತ ಎರಡು ಇಂಚು ಜಾಸ್ತಿಯೇ ಇತ್ತು.

“ಸದ್ಯ” ಎಂದು ನಿಟ್ಟುಸಿರು ಬಿಟ್ಟ.

“ಭಾವ,” ಸೋಫಾದ ಮೇಲಿನಿಂದ ದನಿ ಬಂತು, “ಸ್ವಲ್ಪ ಸರೀರಿ, ಟಿವಿ ಕಾಣಿಸ್ತಿಲ್ಲ.”