ಸುಮ್ಮನೆ ಕೂರಲಾರದ ಮಾವ

ನನ್ನ ಸೋದರಮಾವನಷ್ಟು ಒಳ್ಳೆಯವರು ಊರಿಗೊಬ್ಬರೇ ಸಾಕು. ಇಬ್ಬರಿದ್ದರೆ ಊರಿಗೆ ಊರೇ ಹಾಸಿಗೆ ಹಿಡಿದೀತು!

ಯಾರು ಕಷ್ಟಪಟ್ಟರೂ ಅವರಿಗೆ ನೋಡಲಾಗದು. ಒಮ್ಮೆ ನಾಗಮಂಗಲದಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ಯಾರೋ ಅಜ್ಜ ವೀಳ್ಯದೆಲೆಗೆ ಸುಣ್ಣ ಸವರಲು ತಡಕಾಡುತ್ತಿದ್ದನಂತೆ. ಇವರು ಎಲೆ ಕಿತ್ತುಕೊಂಡು, ಸುಣ್ಣ ಸವರಿ, ಮಡಿಸಿ ಅವನ ಬಾಯಿಗೇ ಇಟ್ಟರು. "ಅಗಿಯಾದಾದ್ರೂ ನಂಗೇ ಬುಡ್ತೀಯೇನ್ಲಾ?" ಎಂದನಂತೆ ಅಜ್ಜ. ಮಾವ ಅದನ್ನು ಹೊಗಳಿಕೆ ಎಂದುಕೊಂಡು ಮನೆಮಂದಿಗೆಲ್ಲ ಹೇಳಿದ್ದರು.

ನನ್ನದೋ ಇದಕ್ಕೆ ತದ್ವಿರುದ್ಧವಾದ ಉದ್ಯೋಗ. ಶ್ರೀರಂಗಪಟ್ಟಣದ ಪುಟ್ಟ ಕ್ಲಿನಿಕ್ಕೊಂದರಲ್ಲಿ ಆಕ್ಯುಪೇಷನಲ್ ಥೆರಪಿಸ್ಟು. ಲಕ್ವ ಹೊಡೆದವರು ಮತ್ತೆ ತಾವೇ ಗುಂಡಿ ಹಾಕಿಕೊಳ್ಳುವಂತೆ, ತಾವೇ ಉಣ್ಣುವಂತೆ ಮಾಡುವ ಕೆಲಸ. ಇದಕ್ಕೆ ಕರುಣೆ ಇರಬೇಕು ಎನ್ನುತ್ತಾರೆ. ಇರಲಿ. ಆದರೆ ಎದುರಿನವರು ಒಂದು ಗುಂಡಿಗಾಗಿ ಒದ್ದಾಡುವಾಗ ಸುಮ್ಮನೆ ಕೂರುವ ಗುಣ ಅದಕ್ಕಿಂತ ಹೆಚ್ಚು ಬೇಕು. ಅದನ್ನು ರೂಢಿಸಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.

"ಕೈಕಟ್ಕೊಂಡು ಕೂರಕ್ಕೂ ಕಾಲೇಜಾ? ಅದಕ್ಕೆ ಸಂಬ್ಳ ಬೇರೆ ಕೊಟ್ಟಾರಾ?" ಎಂದು ಮಾವ ನಕ್ಕಿದ್ದರು.

ಆಮೇಲೆ ಅತ್ತೆಗೇ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು. ಪುಣ್ಯಕ್ಕೆ ಮಾತು ಉಳಿಯಿತು. "ಇನ್ನೇನೂ ಬ್ಯಾಡ ಕಣವ್ವ, ನಂಕೈಲಿ ಮುದ್ದೆ ಕಟ್ಟಂಗಾದ್ರೆ ಸಾಕು" ಎಂದರು. ಅವರ ಕೈಮುದ್ದೆ ಉಣ್ಣಲು ಕಿಕ್ಕೇರಿಯ ನೆಂಟರೆಲ್ಲ ನೆಪ ಹುಡುಕಿಕೊಂಡು ಬರುತ್ತಿದ್ದ ಕಾಲವೊಂದಿತ್ತು.

ಮೊದಲ ತಿಂಗಳುಗಳಲ್ಲೇ ಕೈಗೆ ಕೆಲಸ ಕೊಡಬೇಕು. ಆಗ ಮರಳಿದಷ್ಟು ಬಲ ಆಮೇಲೆ ಮರಳದು. ಹಿಚುಕಲು ಮೆತ್ತನೆಯ ಚೆಂಡೊಂದನ್ನು ಕೊಟ್ಟು ಬಂದೆ. ಮುಂದಿನ ಸಲ ಹೋದಾಗ ಚೆಂಡು ಹರಿದಿತ್ತು. ನನಗೋ ಖುಷಿಯೋ ಖುಷಿ!

"ಅವ್ಳಿಗೆ ನೋಯ್ತದೆ ಅಂತ ನಾನೇ ಹಿಚುಕ್ಬುಟ್ಟೆ ಕಣವ್ವ" ಎಂದರು ಮಾವ.

ಬಯ್ದೆ, ಬೇಡಿಕೊಂಡೆ. ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ನಾನು ಬಸ್ಸು ಹತ್ತಿದ್ದೇ ತಡ, ಅತ್ತೆಯ ತಲೆ ಬಾಚುವುದು, ತುತ್ತಿಡುವುದು, ಸೆರಗು ಸರಿಮಾಡುವುದು ಎಲ್ಲ ಶುರು. ಅವರ ಪ್ರೀತಿಯಲ್ಲಿ ಕೊರತೆಯಿತ್ತೇ? ಒಂದಿಷ್ಟು ಕೊರತೆಯಿದ್ದಿದ್ದರೆ ಅತ್ತೆಯ ಕೈ ಉಳಿಯುತ್ತಿತ್ತು. ನೋಡನೋಡುತ್ತಲೇ ಆ ತಿಂಗಳುಗಳು ಕಳೆದುಹೋದವು, ಬೆರಳುಗಳು ಮುದುಡಿ ಬಿಗಿದುಕೊಂಡವು.

ಕೊನೆಗೆ ಒಂದು ದಿನ ಅತ್ತೆಯೇ ಬಾಯಿಬಿಟ್ಟು ಹೇಳಿದರು. "ಉಣ್ಣುಸ್ಬ್ಯಾಡಿ. ನೀವು ತುತ್ತಿಕ್ಕಿದಾಗೆಲ್ಲ, ಇನ್ನು ನಂಕೈಲಿ ಏನೂ ಆಗಾಕಿಲ್ಲ ಅನ್ನುಸ್ತದೆ."

ಆ ದಿನ ಮಾವ ಊಟ ಮಾಡಲಿಲ್ಲ.

ಮೊನ್ನೆ ಹೋದಾಗ ಅತ್ತೆ ಮಣೆಯ ಮೇಲಿನ ಬಿಸಿ ಹಿಟ್ಟಿನ ಮುಂದೆ ಕೂತಿದ್ದರು. ಒದ್ದೆ ಬಲಗೈಯನ್ನು ಎಡಗೈಯಿಂದ ತಳ್ಳಿ ತಳ್ಳಿ ಹಿಟ್ಟನ್ನು ಉರುಳಿಸುತ್ತಿದ್ದರು. ಅದು ಉಂಡೆಯಾಗುವ ಮೊದಲೇ ಬಿರಿದು ಹರಡಿಕೊಳ್ಳುತ್ತಿತ್ತು. ಎದುರಿಗೆ ಮಾವ, ಎರಡೂ ಅಂಗೈಗಳನ್ನು ತೊಡೆಯಡಿ ಅದುಮಿಕೊಂಡು ಕೂತಿದ್ದರು. ಹಿಟ್ಟು ಮಣೆಯಿಂದ ಜಾರಿತು. ತಾಳಲಾರದೆ ನಾನು ಕೈ ಚಾಚಿಬಿಟ್ಟೆ.

ಮಾವ ತೊಡೆಯಡಿಯಿಂದ ಕೈ ತೆಗೆದು ನನ್ನ ಕೈಯನ್ನು ಹಿಡಿದುಕೊಂಡರು.

"ಸುಮ್ಕಿರವ್ವ, ಕಟ್ತಾಳೆ" ಎಂದರು. ಆಮೇಲೆ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಮೊದ್ಲೇ ಇಂಗ್ ಕೂತಿದ್ದಿದ್ರೆ ಕಟ್ಬುಡ್ತಿದ್ಳು, ಅಲ್ವಾ?" ಎಂದರು.

ಅತ್ತೆ ಮತ್ತೆ ನೀರಿಗೆ ಕೈ ಅದ್ದಿದರು. ಹಿಟ್ಟು ಆರುವವರೆಗೂ ಮಾವ ನನ್ನ ಕೈ ಬಿಡಲಿಲ್ಲ.